ಹೊತ್ತಿಗೆ ಸರಿಯಾಗಿ ಅಳೆದುಕೊಡುವವನು

ಒಂದು ತಲೆಮಾರಿನ ಹಿಂದೆ ನಮ್ಮ ಧರ್ಮಕೇಂದ್ರದ ಯಾವುದೇ ಕುಟುಂಬದಲ್ಲಿ ಮಕ್ಕಳು ಏನು ಕೆಲಸದಲ್ಲಿದ್ದಾರೆಂದು ವಿಚಾರಿಸಿದರೆ ಉತ್ತರವು ತಟ್ಟನೆ ಅರ್ಥವಾಗುತ್ತಿತ್ತು. ಶಿಕ್ಷಕಿ, ದಾದಿ, ರೈಲ್ವೆ ನೌಕರ, ಕಾಫಿ ತೋಟದ ರೈಟರು. ಈಗ ‘ಆಪರೇಷನ್ಸ್ ವಿಭಾಗದ ವೈಸ್ ಪ್ರೆಸಿಡೆಂಟ್’ ಎಂಬ ಉತ್ತರ ಬರುತ್ತದೆ. ತಂದೆತಾಯಿಗಳು ಹೆಮ್ಮೆಯಿಂದಲೇ ಹೇಳುತ್ತಾರೆ, ನಾವೂ ಸಂತೋಷದಿಂದಲೇ ತಲೆದೂಗುತ್ತೇವೆ. ಆದರೆ ಆ ಮಗ ಅಥವಾ ಮಗಳು ಬೆಳಗಿನಿಂದ ರಾತ್ರಿಯವರೆಗೆ ಮಾಡುವುದೇನು, ಆ ಕೆಲಸಕ್ಕೆ ಬೇಕಾದ ಕೌಶಲವೇನು, ಆ ಕೆಲಸದಲ್ಲಿ ಆತ್ಮಸಾಕ್ಷಿಗೆ ಎದುರಾಗುವ ಪ್ರಶ್ನೆ ಯಾವುದು ಎಂಬುದನ್ನು ನಾವು ಕೇಳಿಕೊಂಡಿದ್ದು ಕಡಿಮೆ. ವೈದ್ಯರ ಧರ್ಮಸಂಕಟದ ಬಗ್ಗೆ, ವಕೀಲರ ಧರ್ಮಸಂಕಟದ ಬಗ್ಗೆ ಬೇಕಾದಷ್ಟು ಉಪದೇಶಗಳನ್ನು ಆಲಿಸಿದ್ದೇವೆ. ಕಾರ್ಯಾಚರಣೆಯ ಮುಖ್ಯಸ್ಥನ ಧರ್ಮಸಂಕಟವನ್ನು ಕುರಿತ ಉಪದೇಶವನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ?

ಈ ಹುದ್ದೆ ಹೊಸ ಹೆಸರಿನದಾದರೂ ಕೆಲಸ ನಮಗೆ ಅಪರಿಚಿತವಲ್ಲ. ಧರ್ಮಕೇಂದ್ರದ ಹಬ್ಬವನ್ನೇ ನೆನೆಯಿರಿ. ಈ ವರ್ಷ ಬಲಿಪೂಜೆಯ ನಂತರ ಎಲ್ಲರಿಗೂ ಊಟ ಎಂದು ಗುರುಗಳು ಪೀಠದಿಂದ ಪ್ರಕಟಿಸುತ್ತಾರೆ. ಅದು ಒಂದು ವಾಕ್ಯ. ಆ ವಾಕ್ಯವನ್ನು ಅನ್ನವಾಗಿಸುವವರು ಬೇರೆ. ಎಷ್ಟು ಎಲೆ ಬೀಳಬಹುದು, ಎಷ್ಟು ಅಕ್ಕಿ ನೆನೆಯಬೇಕು, ಸೌದೆ ಒಣಗಿದೆಯೇ, ಅಡುಗೆಯವರು ಯಾವಾಗ ಬರುತ್ತಾರೆ, ತೇರು ಹೊರಟು ಹಿಂದಿರುಗುವುದು ತಡವಾದರೆ ಮಕ್ಕಳಿಗೂ ವೃದ್ಧರಿಗೂ ಮೊದಲ ಪಂಕ್ತಿ ಹಾಕುವುದು ಹೇಗೆ, ಕೊನೆಯ ಪಂಕ್ತಿಯವರಿಗೆ ಸಾರು ಉಳಿದೀತೇ, ಬಡಿಸಿದವರು ಯಾವಾಗ ಉಣ್ಣಬೇಕು? ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಓಡಾಡುವ ಒಬ್ಬರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ವೇದಿಕೆಯ ಮೇಲೆ ಅವರ ಹೆಸರನ್ನು ಓದುವುದು ಮರೆತುಹೋಗುವುದೂ ಉಂಟು. ದೊಡ್ಡ ಕಂಪನಿಯೊಂದರಲ್ಲಿ ಈ ಕೆಲಸವನ್ನೇ ಸಾವಿರಾರು ಜನರ, ಹತ್ತಾರು ಊರುಗಳ, ಕೋಟ್ಯಂತರ ರೂಪಾಯಿಗಳ ಅಳತೆಯಲ್ಲಿ ಮಾಡುವವನೇ ಕಾರ್ಯಾಚರಣೆಯ ಹಿರಿಯ ಅಧಿಕಾರಿ.

ಏನನ್ನು ಮಾಡಬೇಕೆಂಬುದನ್ನು ಮಾಲೀಕರೋ ಆಡಳಿತ ಮಂಡಳಿಯೋ ನಿಶ್ಚಯಿಸುತ್ತಾರೆ. ಮಾರಾಟದವರು ಗ್ರಾಹಕನಿಗೆ ಮಾತು ಕೊಡುತ್ತಾರೆ. ಆ ಮಾತನ್ನು ಉಳಿಸಿಕೊಡುವ ಭಾರ ಇವನದು. ಎಷ್ಟು, ಯಾವಾಗ, ಯಾರಿಂದ, ಎಷ್ಟು ಖರ್ಚಿನಲ್ಲಿ ಎಂಬ ನಾಲ್ಕು ಪ್ರಶ್ನೆಗಳಿಗೆ ಪ್ರತಿದಿನವೂ ಉತ್ತರ ಹೇಳಬೇಕು. ಯಂತ್ರ ಕೆಟ್ಟರೆ, ಲಾರಿ ತಡವಾದರೆ, ಒಬ್ಬ ಪೂರೈಕೆದಾರ ಕೈಕೊಟ್ಟರೆ ಮೊದಲ ದೂರವಾಣಿ ಕರೆ ಬರುವುದು ಇವನಿಗೇ. ಇದಕ್ಕೆ ಬೇಕಾದ ಗುಣಗಳೆಂದು ಪುಸ್ತಕಗಳು ನಾಯಕತ್ವ, ದೂರದೃಷ್ಟಿ ಮುಂತಾದ ದೊಡ್ಡ ಶಬ್ದಗಳನ್ನು ಪಟ್ಟಿಮಾಡುತ್ತವೆ. ನನ್ನ ಅಭಿಪ್ರಾಯದಲ್ಲಿ ಇದರ ತಿರುಳು ಬಹಳ ಸಾದಾ. ಎಣಿಸಲು ಬರಬೇಕು, ಹೊತ್ತನ್ನು ಅಳೆಯಲು ಬರಬೇಕು, ಕೆಳಗಿನಿಂದ ಬರುವ ಕೆಟ್ಟ ಸುದ್ದಿಯನ್ನು ಕೇಳಿಸಿಕೊಳ್ಳುವ ಕಿವಿ ಇರಬೇಕು, ಅದನ್ನು ಮೇಲಿನವರಿಗೆ ಬಣ್ಣ ಹಚ್ಚದೆ ಹೇಳುವ ನಾಲಿಗೆ ಇರಬೇಕು.

ಈ ವಿದ್ಯೆಯ ಶಕ್ತಿ ಎಂಥದೆಂಬುದಕ್ಕೆ ಎಲ್ಲರೂ ಬಲ್ಲ ಒಂದು ಉದಾಹರಣೆಯಿದೆ. ಅಮೆರಿಕದ ಆ್ಯಪಲ್ ಕಂಪನಿಗೆ 1998ರಲ್ಲಿ ಟಿಮ್ ಕುಕ್ ಎಂಬವರು ಕಾರ್ಯಾಚರಣೆಯ ಉಸ್ತುವಾರಿಗೆ ಬಂದರು. ಆಗ ಆ ಕಂಪನಿಯ ಸ್ಥಿತಿ ಚೆನ್ನಾಗಿರಲಿಲ್ಲ. ಗೋದಾಮುಗಳಲ್ಲಿ ಮಾರಾಟವಾಗದ ಸರಕು ತುಂಬಿತ್ತು. ದಾಸ್ತಾನನ್ನು ಹಾಲಿನ ವ್ಯಾಪಾರದಂತೆ ಕಾಣಬೇಕು, ದಿನ ಕಳೆದಷ್ಟೂ ಅದು ಕೆಡುತ್ತದೆ ಎಂಬುದು ಅವರ ಹೋಲಿಕೆ. ಬೆಳಗಿನ ಜಾವ ಡೈರಿಗೆ ಹಾಲು ಹಾಕುವ ನಮ್ಮ ರೈತ ಕುಟುಂಬಗಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಗೋದಾಮುಗಳನ್ನು ಮುಚ್ಚಿ, ಪೂರೈಕೆದಾರರನ್ನು ಕಡಿಮೆ ಮಾಡಿ, ತಿಂಗಳುಗಳ ಲೆಕ್ಕದಲ್ಲಿದ್ದ ದಾಸ್ತಾನನ್ನು ಅವರು ಕೆಲವೇ ದಿನಗಳ ಲೆಕ್ಕಕ್ಕೆ ಇಳಿಸಿದರು. 2005ರಲ್ಲಿ ಕಾರ್ಯಾಚರಣೆಯ ಮುಖ್ಯ ಅಧಿಕಾರಿಯಾದರು, 2011ರಲ್ಲಿ ಇಡೀ ಕಂಪನಿಯ ಮುಖ್ಯಸ್ಥರಾದರು. ಹೊಸ ವಸ್ತುವನ್ನು ಕನಸು ಕಂಡವರು ಸ್ಟೀವ್ ಜಾಬ್ಸ್ ಎಂದು ಲೋಕ ಕೊಂಡಾಡುತ್ತದೆ. ಆದರೆ ಆ ಕನಸು ಹೇಳಿದ ದಿನದಂದು ಹೇಳಿದ ಸಂಖ್ಯೆಯಲ್ಲಿ ಅಂಗಡಿಗೆ ಬಂದು ಕೂರುವಂತೆ ಮಾಡಿದ ವಿದ್ಯೆ ಬೇರೆಯೇ.

ಇಲ್ಲಿಯವರೆಗೆ ಮೆಚ್ಚುಗೆಯ ಮಾತು. ಈಗ ಪ್ರಶ್ನೆಗೆ ಬರೋಣ. ದಾಸ್ತಾನು ಕಡಿಮೆಯಾದಾಗ ಆ ಬಿಗಿತ ಎಲ್ಲಿಯೋ ಒಂದು ಕಡೆ ಹೋಗಿ ಕೂರಲೇಬೇಕು. ಗೋದಾಮಿನಲ್ಲಿ ಹೆಚ್ಚುವರಿ ಸರಕು ಇಲ್ಲವೆಂದರೆ, ಬೇಡಿಕೆ ಏರಿದ ವಾರದಲ್ಲಿ ಕಾರ್ಖಾನೆಯ ಯಾರೋ ಒಬ್ಬಳು ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಗೋದಾಮು ಹೊರುತ್ತಿದ್ದ ಭಾರವನ್ನು ಮನುಷ್ಯನ ಮೈ ಹೊರಬೇಕಾಗುತ್ತದೆ. ಇದನ್ನು ಏರ್ಪಡಿಸುವ ಅಧಿಕಾರಿಯನ್ನು ಕೇಳಿದರೆ ಆತ ಪ್ರಾಮಾಣಿಕವಾಗಿಯೇ ಹೀಗೆ ಹೇಳಬಹುದು: ಗುರಿಯನ್ನು ಗೊತ್ತುಮಾಡಿದವನು ನಾನಲ್ಲ, ಬೆಲೆಯನ್ನು ಗೊತ್ತುಮಾಡಿದವನು ನಾನಲ್ಲ, ಬೆವರು ಸುರಿಸುವವನನ್ನು ಕೆಲಸಕ್ಕೆ ತೆಗೆದುಕೊಂಡವನೂ ನಾನಲ್ಲ, ಗುತ್ತಿಗೆದಾರ, ನಾನು ನಡುವೆ ನಿಂತು ನಡೆಸಿಕೊಟ್ಟೆ, ಅಷ್ಟೆ. ಉದ್ದೇಶ ಇನ್ನೊಬ್ಬರದಾಗಿ, ಉಪಾಯ ಮಾತ್ರ ತನ್ನದಾಗಿರುವ ಮನುಷ್ಯನಿಗೆ ಪಾಪಪುಣ್ಯಗಳ ಪಾಲು ಎಷ್ಟು? ಇದು ಕಂಪನಿಯ ಅಧಿಕಾರಿಯೊಬ್ಬನ ಪ್ರಶ್ನೆ ಮಾತ್ರವಲ್ಲ. ಸರಕಾರಿ ಕಚೇರಿಯ ಗುಮಾಸ್ತನಿಂದ ತೋಟದ ಮೇಸ್ತ್ರಿಯವರೆಗೆ, ಇನ್ನೊಬ್ಬರ ಮನೆಯನ್ನು ನಡೆಸುವ ಎಲ್ಲರ ಪ್ರಶ್ನೆ.

ಯೇಸುಸ್ವಾಮಿ ಇಂಥವನೊಬ್ಬನನ್ನು ಚೆನ್ನಾಗಿ ಬಲ್ಲರು. ಲೂಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ, ಈ ಮಾತು ನಮಗೋ ಎಲ್ಲರಿಗೋ ಎಂದು ಪೇತ್ರ ಕೇಳಿದಾಗ, ಅವರು ನೇರ ಉತ್ತರ ಕೊಡದೆ ಒಬ್ಬ ಮನೆವಾರ್ತೆಯವನ ಚಿತ್ರವನ್ನು ಮುಂದಿಡುತ್ತಾರೆ. ಯಜಮಾನ ಅವನನ್ನು ತನ್ನ ಮನೆಯ ಆಳುಗಳ ಮೇಲೆ ನೇಮಿಸಿದ್ದಾನೆ. ಅವನ ಕರ್ತವ್ಯವನ್ನು ಯೇಸು ವಿವರಿಸುವ ರೀತಿಯನ್ನು ಗಮನಿಸಿರಿ. ಯಜಮಾನನ ಸಂಪತ್ತನ್ನು ಬೆಳೆಸುವುದಾಗಲಿ ಆಳುಗಳಿಂದ ದುಡಿಸುವುದಾಗಲಿ ಅಲ್ಲಿ ಬರುವುದಿಲ್ಲ. ಆಳುಗಳಿಗೆ ಸಲ್ಲಬೇಕಾದ ಆಹಾರವನ್ನು ಹೊತ್ತಿಗೆ ಸರಿಯಾಗಿ ಅಳೆದುಕೊಡುವುದು, ಅಷ್ಟೇ. ಅಳತೆ ಮತ್ತು ಹೊತ್ತು, ಎರಡೇ ಮಾತು. ಅವನಲ್ಲಿರಬೇಕಾದ ಗುಣಗಳೂ ಎರಡೇ: ನಂಬಿಕಸ್ತನಾಗಿರಬೇಕು, ಬುದ್ಧಿವಂತನಾಗಿರಬೇಕು. ಒಳ್ಳೆಯತನವಿದ್ದರೆ ಸಾಕು, ಬುದ್ಧಿ ಬೇಡ ಎಂದು ಯೇಸು ಹೇಳುವುದಿಲ್ಲ. ಅದೇ ಸಾಮತಿಯಲ್ಲಿ ಕೆಟ್ಟ ಮನೆವಾರ್ತೆಯವನೂ ಇದ್ದಾನೆ. ಯಜಮಾನ ಬರುವುದು ತಡವಾಯಿತೆಂದು ಅವನು ಆಳುಗಳನ್ನೂ ದಾಸಿಯರನ್ನೂ ಹೊಡೆಯುತ್ತಾನೆ, ತಾನು ಮಾತ್ರ ತಿಂದು ಕುಡಿಯುತ್ತಾನೆ.

ಈ ಸಾಮತಿಯನ್ನು ಓದುವಾಗ ನನಗೆ ನಮ್ಮ ಕೋಲಾರ ಜಿಲ್ಲೆಯ ನರಸಾಪುರ ನೆನಪಾಗುತ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ತೈವಾನ್ ಮೂಲದ ವಿಸ್ಟ್ರಾನ್ ಕಂಪನಿ ಆ್ಯಪಲ್‌ನ ಐಫೋನುಗಳನ್ನು ಜೋಡಿಸುವ ಕಾರ್ಖಾನೆಯನ್ನು 2020ರಲ್ಲಿ ಆರಂಭಿಸಿತ್ತು. ಸುತ್ತಲಿನ ಹಳ್ಳಿಗಳ, ದೂರದ ಜಿಲ್ಲೆಗಳ ಯುವಕ ಯುವತಿಯರಿಗೆ ಕೆಲಸ ಸಿಕ್ಕಿತು. ಅವರಲ್ಲಿ ಬಹುಪಾಲು ಜನ ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಅಲ್ಪಾವಧಿಯಲ್ಲಿಯೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತೆಂದು ಕಾರ್ಖಾನೆಗಳ ಇಲಾಖೆಯ ಪರಿಶೀಲನೆ ತಿಳಿಸಿತು. 2020ರ ಡಿಸೆಂಬರ್ 12, ಶನಿವಾರದ ಬೆಳಗಿನ ಜಾವ, ರಾತ್ರಿ ಪಾಳಿ ಮುಗಿಯುವ ಹೊತ್ತಿನಲ್ಲಿ ಸಿಟ್ಟು ಸಿಡಿಯಿತು. ಗಾಜುಗಳು ಒಡೆದವು, ವಾಹನಗಳಿಗೆ ಬೆಂಕಿ ಬಿತ್ತು, ಯಂತ್ರಗಳು ಹಾಳಾದವು. ಪೊಲೀಸರು ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು.

ಆ ಹಿಂಸೆಯನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಬೆಂಕಿ ಹಚ್ಚಿದ ಕೈ ತಪ್ಪು ಮಾಡಿತು. ಆದರೆ ಸಿಟ್ಟಿನ ಬುಡದಲ್ಲಿ ಇದ್ದದ್ದೇನು ಎಂದು ನೋಡಿದರೆ, ಅಲ್ಲಿ ಕಂಡದ್ದು ಹಾಜರಾತಿಯ ಲೆಕ್ಕ ಮತ್ತು ಸಂಬಳದ ಹೊತ್ತು. ದುಡಿದ ಗಂಟೆಗಳು ಸರಿಯಾಗಿ ದಾಖಲಾಗಿರಲಿಲ್ಲ, ಹೆಚ್ಚುವರಿ ದುಡಿಮೆಯ ಹಣ ಸರಿಯಾಗಿ ಬಂದಿರಲಿಲ್ಲ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲಸದ ವೇಳೆಯನ್ನು ನಿರ್ವಹಿಸುವ ವ್ಯವಸ್ಥೆ ಸರಿಯಾಗಿ ಜಾರಿಯಾಗದೆ ಕೆಲವರಿಗೆ ವೇತನ ತಡವಾಯಿತೆಂದು ಆ್ಯಪಲ್ ತನ್ನ ವಿಚಾರಣೆಯ ನಂತರ ಹೇಳಿತು. ದೋಷಗಳು ಸರಿಹೋಗುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದೂ ಪ್ರಕಟಿಸಿತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ವೇತನ ಸಂದಿಲ್ಲವೆಂದು ವಿಸ್ಟ್ರಾನ್ ಕೂಡ ಒಪ್ಪಿಕೊಂಡು ಕಾರ್ಮಿಕರ ಕ್ಷಮೆ ಕೋರಿತು. ಭಾರತದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ವೈಸ್ ಪ್ರೆಸಿಡೆಂಟ್ ಹುದ್ದೆಯ ಅಧಿಕಾರಿಯನ್ನು ತೆಗೆದುಹಾಕಿತು. ಕಾರ್ಖಾನೆ ಮರುವರ್ಷ ಮತ್ತೆ ಆರಂಭವಾಯಿತು. 2023ರಲ್ಲಿ ಅದನ್ನು ಟಾಟಾ ಸಮೂಹ ಕೊಂಡುಕೊಳ್ಳುವ ಒಪ್ಪಂದವಾಯಿತು.

ಆ ಅಧಿಕಾರಿ ದುಷ್ಟನಾಗಿದ್ದನೆಂದು ಹೇಳಲು ನನಗೆ ಯಾವ ಆಧಾರವೂ ಇಲ್ಲ. ನನ್ನನ್ನು ಚಿಂತೆಗೆ ಹಚ್ಚುವುದೇ ಅದು. ಅಲ್ಲಿ ಕೆಟ್ಟ ಮನೆವಾರ್ತೆಯವನಂತೆ ಯಾರೂ ಯಾರನ್ನೂ ಹೊಡೆಯಬೇಕಾಗಿರಲಿಲ್ಲ. ಎರಡು ಪಟ್ಟು ಜನರನ್ನು ಒಳಗೆ ತಂದು, ಅವರ ಗಂಟೆಗಳನ್ನು ಎಣಿಸುವ ವ್ಯವಸ್ಥೆಯನ್ನು ಎರಡು ಪಟ್ಟು ಮಾಡದಿದ್ದರೆ ಸಾಕು. ಯಾರ ದ್ವೇಷವೂ ಇಲ್ಲದೆ ಅನ್ಯಾಯ ತಾನಾಗಿ ನಡೆದುಹೋಗುತ್ತದೆ. ಮೇಲಿನ ಕೊಠಡಿಯಲ್ಲಿ ಅದು ತಾಂತ್ರಿಕ ತೊಂದರೆ. ಬಾಡಿಗೆ ಕೋಣೆಯಲ್ಲಿ ಆರು ಜನ ಗೆಳತಿಯರೊಡನೆ ಇರುವ ಹುಡುಗಿಗೆ ಅದು ಊರಿಗೆ ಕಳುಹಿಸಲಾಗದ ಹಣ, ತೀರಿಸಲಾಗದ ಕಂತು. ಅಂದು ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯಿದೆಯು ಸಾವಿರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯಲ್ಲಿ ತಿಂಗಳು ಮುಗಿದು 7 ದಿನಗಳೊಳಗೆ, ಅದಕ್ಕಿಂತ ದೊಡ್ಡದರಲ್ಲಿ 10 ದಿನಗಳೊಳಗೆ ವೇತನ ಸಲ್ಲಬೇಕೆಂದು ಗೊತ್ತುಮಾಡಿತ್ತು. ಮೋಶೆಯ ಧರ್ಮಶಾಸ್ತ್ರ ಇನ್ನೂ ಕಟ್ಟುನಿಟ್ಟು. ಬಡ ಕೂಲಿಯಾಳಿನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮುನ್ನ ಕೊಡಬೇಕು, ಏಕೆಂದರೆ ಅವನ ಮನಸ್ಸೆಲ್ಲ ಅದರ ಮೇಲೆಯೇ ಇರುತ್ತದೆ (ಧರ್ಮೋಪದೇಶಕಾಂಡ 24:15). ಪೂರ್ತಿ ಕೂಲಿಯನ್ನು ಕೊಟ್ಟರೂ ತಡವಾಗಿ ಕೊಟ್ಟರೆ ಅದು ದೇವರ ಮುಂದೆ ದೂರಾಗಬಲ್ಲದೆಂದು ಧರ್ಮಶಾಸ್ತ್ರ ಎಚ್ಚರಿಸುತ್ತದೆ. ಹೊತ್ತೂ ಕೂಲಿಯ ಒಂದು ಭಾಗ.

ಆದುದರಿಂದ ಈ ಹುದ್ದೆಯಲ್ಲಿರುವವನಿಗೆ ದಕ್ಷತೆಯೆಂಬುದು ಸದ್ಗುಣಗಳ ಪಟ್ಟಿಯ ಹೊರಗಿರುವ ವ್ಯಾವಹಾರಿಕ ಸಾಮರ್ಥ್ಯವಲ್ಲ. ನಾವು ಕ್ರೈಸ್ತರು ಸಾಮಾನ್ಯವಾಗಿ ಮೃದು ಹೃದಯವನ್ನು ಹೊಗಳುತ್ತೇವೆ, ಲೆಕ್ಕಾಚಾರವನ್ನು ಸ್ವಲ್ಪ ಅನುಮಾನದಿಂದ ನೋಡುತ್ತೇವೆ. ಕಾರ್ಮಿಕರ ಮದುವೆಗೆ ಹೋಗಿ ಮುಯ್ಯಿ ಮಾಡುವ, ಹಬ್ಬಕ್ಕೆ ಸಿಹಿ ಹಂಚುವ, ಆದರೆ ಹಾಜರಾತಿಯ ಪುಸ್ತಕವನ್ನು ತೆರೆದು ನೋಡದ ಅಧಿಕಾರಿಗಿಂತ, ಮುಖ ಗಂಟಿಕ್ಕಿಕೊಂಡೇ ಇದ್ದು ಪ್ರತಿ ತಿಂಗಳೂ ಪ್ರತಿಯೊಬ್ಬನ ಗಂಟೆಯನ್ನೂ ತಪ್ಪದೆ ಎಣಿಸಿಕೊಡುವವನು ನೆರೆಯವನನ್ನು ಹೆಚ್ಚು ಪ್ರೀತಿಸಿದ್ದಾನೆಂದು ನಾನು ಎಣಿಸುತ್ತೇನೆ. ಇಬ್ಬರ ಗುಣವೂ ಒಬ್ಬನಲ್ಲಿಯೇ ಇದ್ದರೆ ಒಳ್ಳೆಯದೇ. ಆಯ್ಕೆ ಮಾಡಲೇಬೇಕಾದರೆ ನಾನು ಎರಡನೆಯವನ ಕೈಕೆಳಗೆ ಕೆಲಸ ಮಾಡಬಯಸುತ್ತೇನೆ.

ಧರ್ಮಸಭೆಯ ಪರಂಪರೆಯಲ್ಲಿ ಈ ವಿಷಯವನ್ನು ಅತ್ಯಂತ ಸೂಕ್ಷ್ಮವಾಗಿ ಕಂಡವರು ಸಂತ ಬೆನೆಡಿಕ್ಟರು. ಆರನೆಯ ಶತಮಾನದ ಇಟಲಿಯಲ್ಲಿ ತಮ್ಮ ಮಠವಾಸಿಗಳಿಗಾಗಿ ಅವರು ಬರೆದ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ಅದರ 31ನೆಯ ಅಧ್ಯಾಯ ಪ್ರಾರ್ಥನೆಯ ಬಗ್ಗೆಯೂ ಅಲ್ಲ, ಮೌನದ ಬಗ್ಗೆಯೂ ಅಲ್ಲ. ಮಠದ ಉಗ್ರಾಣಿಯ ಬಗ್ಗೆ. ಮಠಾಧಿಪತಿಯ ಕೆಳಗೆ ಧಾನ್ಯ, ಎಣ್ಣೆ, ಉಪಕರಣಗಳನ್ನೆಲ್ಲ ನೋಡಿಕೊಂಡು ಮಠವನ್ನು ನಡೆಸುವವನು ಅವನು; ಇಂದಿನ ಮಾತಿನಲ್ಲಿ ಹೇಳುವುದಾದರೆ ಮಠದ ಕಾರ್ಯಾಚರಣೆಯ ಮುಖ್ಯಸ್ಥ. ಅವನು ವಿವೇಕಿಯೂ ಪ್ರೌಢನೂ ಮಿತಾಹಾರಿಯೂ ಆಗಿರಬೇಕು. ಅಹಂಕಾರಿಯಾಗಲಿ ಸಿಡುಕನಾಗಲಿ ದುಂದುಗಾರನಾಗಲಿ ಆಗಿರಬಾರದು. ಮೈಗಳ್ಳನಂತೆ ನಿಧಾನಿಯೂ ಆಗಿರಬಾರದು. ಸಹೋದರರಿಗೆ ಸಲ್ಲಬೇಕಾದ ಪಾಲನ್ನು ಜಂಭವಿಲ್ಲದೆ, ತಡವಿಲ್ಲದೆ ಕೊಡಬೇಕು. ಯಾರಾದರೂ ಸಲ್ಲದ್ದನ್ನು ಕೇಳಿದರೆ ತಿರಸ್ಕಾರದಿಂದ ನೋಯಿಸದೆ ಕಾರಣ ಹೇಳಿ ನಿರಾಕರಿಸಬೇಕು. ಕೊಡಲು ಏನೂ ಇಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಡಬೇಕು. ಇಷ್ಟು ಹೇಳಿ ಬೆನೆಡಿಕ್ಟರು ಇನ್ನೊಂದು ಸೂಚನೆ ಕೊಡುತ್ತಾರೆ. ಮಠದ ಪಾತ್ರೆಪಗಡಗಳನ್ನೂ ಎಲ್ಲ ಸ್ವತ್ತನ್ನೂ ಅವನು ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು. ಗುದ್ದಲಿಯೂ ಸೌಟೂ ಪಾನಪಾತ್ರೆಯಂತೆ!

ಅದೇ ಅಧ್ಯಾಯದಲ್ಲಿ ಅಷ್ಟಾಗಿ ಯಾರೂ ಗಮನಿಸದ ಎರಡು ವ್ಯವಸ್ಥೆಗಳಿವೆ. ಸಮುದಾಯ ದೊಡ್ಡದಾದರೆ ಉಗ್ರಾಣಿಗೆ ಸಹಾಯಕರನ್ನು ಕೊಡಬೇಕು, ಅವನು ಶಾಂತಚಿತ್ತನಾಗಿ ಕೆಲಸ ಮಾಡುವಂತಾಗಬೇಕು. ಕೊಡುವುದನ್ನೂ ಕೇಳುವುದನ್ನೂ ಗೊತ್ತಾದ ವೇಳೆಯಲ್ಲಿಯೇ ಮಾಡಬೇಕು, ದೇವರ ಮನೆಯಲ್ಲಿ ಯಾರೂ ಕಳವಳಗೊಳ್ಳಬಾರದು. ಜನ ಹೆಚ್ಚಿದಂತೆ ನಿರ್ವಹಣೆಯ ಕೈಗಳೂ ಹೆಚ್ಚಬೇಕೆಂಬ ಸರಳ ಸತ್ಯವನ್ನು ಸುಮಾರು 1,500 ವರ್ಷಗಳ ಹಿಂದೆಯೇ ಬರೆದಿಡಲಾಗಿತ್ತು. ನರಸಾಪುರದಲ್ಲಿ ತಪ್ಪಿದ್ದು ಇದೇ.

ಕೆಳಗಿನ ಸುದ್ದಿಯನ್ನು ಕೇಳಿಸಿಕೊಳ್ಳುವ ಕಿವಿಯ ಬಗ್ಗೆ ಮೇಲೆ ಹೇಳಿದೆನಷ್ಟೆ. ಆದಿ ಧರ್ಮಸಭೆಯ ಮೊದಲ ಆಡಳಿತ ನೇಮಕಾತಿ ಒಂದು ದೂರಿನಿಂದ ಹುಟ್ಟಿತು. ಪ್ರತಿದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗ್ರೀಕ್ ಭಾಷೆಯ ಯೆಹೂದ್ಯರು ಗೊಣಗಿದರು (ಪ್ರೇಷಿತರ ಕಾರ್ಯಕಲಾಪಗಳು 6:1). ಪ್ರೇಷಿತರು ಗೊಣಗಿದವರನ್ನು ಗದರಿಸಲಿಲ್ಲ, ಏಳು ಮಂದಿಯನ್ನು ಆರಿಸಲು ಹೇಳಿದರು. ಆ ಏಳು ಹೆಸರುಗಳನ್ನು ಓದಿನೋಡಿ: ಸ್ತೆಫಾನ, ಫಿಲಿಪ್ಪ, ಪ್ರೊಖೋರ ಮುಂತಾದ ಎಲ್ಲವೂ ಗ್ರೀಕ್ ಹೆಸರುಗಳು. ಅನ್ಯಾಯವಾಯಿತೆಂದು ಹೇಳಿದ ಪಕ್ಷದವರ ಕೈಗೇ ಹಂಚುವ ಸೌಟನ್ನು ಕೊಟ್ಟಂತೆ ಕಾಣುತ್ತದೆ. ನಮ್ಮ ಕಾಲದಲ್ಲಿ ಜಪಾನಿನ ಟೊಯೋಟ ಕಾರ್ಖಾನೆಗಳಲ್ಲಿ ಜೋಡಣೆಯ ಸಾಲಿನ ಉದ್ದಕ್ಕೂ ಒಂದು ಹಗ್ಗವನ್ನು ಕಟ್ಟುವ ಪದ್ಧತಿ ಪ್ರಸಿದ್ಧವಾಯಿತು. ದೋಷ ಕಂಡ ಯಾವ ಕಾರ್ಮಿಕನೂ ಅದನ್ನು ಎಳೆಯಬಹುದು. ಮೇಲ್ವಿಚಾರಕ ಓಡಿ ಬರುತ್ತಾನೆ. ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಅದನ್ನು ಅವರು ಮಾಡಿದ್ದು ಕಾರಿನ ಗುಣಮಟ್ಟಕ್ಕಾಗಿ, ದಯೆಗಾಗಿಯಲ್ಲ. ಆದರೂ ಅತ್ಯಂತ ಕಿರಿಯವನ ಮಾತಿಗೆ ಇಡೀ ಕಾರ್ಖಾನೆ ನಿಲ್ಲಬಲ್ಲದೆಂಬ ಏರ್ಪಾಡಿನಲ್ಲಿ ಶುಭಸಂದೇಶದ ಒಂದು ನೆರಳಿದೆ. ಸಂಬಳದ ಲೆಕ್ಕ ತಪ್ಪಿದಾಗ ಎಳೆಯಲು ನರಸಾಪುರದ ಹುಡುಗಿಗೆ ಅಂಥ ಹಗ್ಗ ಎಲ್ಲಿತ್ತು?

ಇಷ್ಟರವರೆಗೆ ದಕ್ಷತೆಯ ಪಕ್ಷದಲ್ಲಿ ಮಾತನಾಡಿದ್ದೇನೆ. ಅದರ ಇನ್ನೊಂದು ಮುಖವನ್ನೂ ಶ್ರೀಗ್ರಂಥ ಮುಚ್ಚಿಡುವುದಿಲ್ಲ. ಆದಿಕಾಂಡದ ಜೋಸೆಫನನ್ನು ನಾವು ಕ್ಷಮಾಶೀಲ ಸಹೋದರನೆಂದು, ಶುದ್ಧ ಶೀಲದ ಯುವಕನೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ವೃತ್ತಿಯಿಂದ ಅವನು ಜೀವನಪೂರ್ತಿ ಇನ್ನೊಬ್ಬರ ಮನೆ ನಡೆಸಿದವನು. ಪೋಟೀಫರನ ಮನೆಯಲ್ಲಿ, ಆಮೇಲೆ ಸೆರೆಮನೆಯಲ್ಲಿ, ಕೊನೆಗೆ ಇಡೀ ಈಜಿಪ್ಟಿನಲ್ಲಿ ಅವನದು ಎರಡನೆಯ ಸ್ಥಾನ. ಏಳು ವರ್ಷ ಸುಭಿಕ್ಷದಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಊರೂರಿನ ಕಣಜಗಳಲ್ಲಿ ಕೂಡಿಟ್ಟ. ಏಳು ವರ್ಷ ಕ್ಷಾಮದಲ್ಲಿ ಅಳೆದು ಮಾರಿದ. ಶ್ರೀಗ್ರಂಥದಲ್ಲಿ ಇದಕ್ಕಿಂತ ದೊಡ್ಡ ಕಾರ್ಯಾಚರಣೆ ಇಲ್ಲ. ಜನ ಬದುಕುಳಿದರು.

ಆದರೆ 47ನೆಯ ಅಧ್ಯಾಯವನ್ನು ಎಷ್ಟು ಮಂದಿ ನಿಧಾನವಾಗಿ ಓದುತ್ತೇವೆ? ಮೊದಲ ಸುತ್ತಿನಲ್ಲಿ ಧಾನ್ಯಕ್ಕಾಗಿ ಜನರ ಹಣವೆಲ್ಲ ಫರೋಹನ ಅರಮನೆ ಸೇರಿತು. ಮುಂದೆ ಕುದುರೆ, ಕುರಿ, ದನ, ಕತ್ತೆಗಳು ಹೋದವು. ಕೊನೆಗೆ ಕೊಡಲು ಉಳಿದದ್ದು ಹೊಲ ಮತ್ತು ಮೈ, ಅವನ್ನೂ ಕೊಟ್ಟರು. ನೀನು ನಮ್ಮ ಪ್ರಾಣ ಉಳಿಸಿದೆ, ನಾವು ಫರೋಹನ ದಾಸರಾಗಿರುತ್ತೇವೆ ಎಂದು ಅವರೇ ಕೃತಜ್ಞತೆಯಿಂದ ಹೇಳುತ್ತಾರೆ. ಅವರ ಬೆಳೆಯಿಂದಲೇ ತುಂಬಿದ ಕಣಜದ ಧಾನ್ಯಕ್ಕಾಗಿ ಅವರು ತಮ್ಮನ್ನೇ ಮಾರಿಕೊಂಡರು. ಪೂಜಾರಿಗಳ ಭೂಮಿ ಮಾತ್ರ ಉಳಿಯಿತೆಂಬುದನ್ನೂ ಗ್ರಂಥ ಬರೆದಿಟ್ಟಿದೆ. ಧಾರ್ಮಿಕ ವ್ಯಕ್ತಿಗಳು ಓದಿ ಸ್ವಲ್ಪ ಸಂಕೋಚಪಡಬೇಕಾದ ವಾಕ್ಯವದು. ಪುಟ ತಿರುವಿ ವಿಮೋಚನಾಕಾಂಡಕ್ಕೆ ಬಂದರೆ, ಜೋಸೆಫನನ್ನು ಅರಿಯದ ಹೊಸ ಅರಸನೊಬ್ಬ ಅದೇ ನಾಡಿನಲ್ಲಿ ಇಸ್ರಯೇಲರನ್ನು ಬಿಟ್ಟಿ ದುಡಿಸಿ ಉಗ್ರಾಣ ನಗರಗಳನ್ನು ಕಟ್ಟಿಸುತ್ತಿದ್ದಾನೆ. ಜೋಸೆಫ ತಪ್ಪು ಮಾಡಿದನೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಹಸಿವಿನಿಂದ ಸಾಯುವವನಿಗೆ ಅನ್ನ ಕೊಟ್ಟವನ ಮೇಲೆ ತೀರ್ಪು ಕೊಡಲು ಹೊಟ್ಟೆ ತುಂಬಿದವರು ಅವಸರಪಡಬಾರದು. ಆದರೆ ಅವನು ಅಷ್ಟು ಜಾಣತನದಿಂದ ಕಟ್ಟಿದ ವ್ಯವಸ್ಥೆಯಲ್ಲಿ ಬಲವೆಲ್ಲ ಒಂದೇ ಕೈಗೆ ಸೇರಿಹೋಗಿತ್ತು. ಆ ಕೈ ಬದಲಾದಾಗ ತಡೆಯುವವರು ಯಾರೂ ಉಳಿದಿರಲಿಲ್ಲ.

ಹೀಗಾಗಿ ‘ನಾನು ನಡೆಸಿಕೊಟ್ಟೆ, ಅಷ್ಟೆ’ ಎಂಬ ಮಾತನ್ನು ಒಪ್ಪಿಕೊಳ್ಳುವುದು ಕಷ್ಟ. ಉಪಾಯವನ್ನು ಆರಿಸುವವನು ಬರಿಯ ಉಪಾಯವನ್ನು ಆರಿಸುವುದಿಲ್ಲ. ಯಾರ ಮೇಲೆ ಎಷ್ಟು ಭಾರ ಯಾವ ಹೊತ್ತಿನಲ್ಲಿ ಬೀಳಬೇಕೆಂಬುದನ್ನು ಆರಿಸುತ್ತಾನೆ. ಈ ಆಯ್ಕೆ ಯಜಮಾನನ ಮೇಜಿಗೆ ಬರುವುದೇ ಇಲ್ಲ. ಪೋಟೀಫರ ತಾನು ಉಣ್ಣುವ ಆಹಾರದ ಹೊರತು ಮನೆಯ ಬೇರೆ ಯಾವುದನ್ನೂ ವಿಚಾರಿಸುತ್ತಿರಲಿಲ್ಲವೆಂದು ಆದಿಕಾಂಡ ಹೇಳುತ್ತದಲ್ಲ, ಇಂದಿನ ಆಡಳಿತ ಮಂಡಳಿಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಅವರ ಮುಂದೆ ಬರುವುದು ತಟ್ಟೆ, ಅಡುಗೆಮನೆಯಲ್ಲ. ಅಡುಗೆಮನೆಯನ್ನು ಕಾಣುವವನು ನಡುವಿನವನೊಬ್ಬನೇ. ಕಂಡವನು ಹೇಳಲೇಬೇಕು. ಈ ದಿನಾಂಕಕ್ಕೆ ಇಷ್ಟು ಸರಕು ಬೇಕಾದರೆ ಇಷ್ಟು ಜನ ಕಾನೂನು ಮೀರಿ ದುಡಿಯಬೇಕಾಗುತ್ತದೆ, ಆದುದರಿಂದ ದಿನಾಂಕವನ್ನು ಮುಂದಕ್ಕೆ ಹಾಕಬೇಕು ಎಂದು ಮೇಲಿನವರಿಗೆ ಅಂಕಿಗಳ ಭಾಷೆಯಲ್ಲಿಯೇ ಹೇಳಬಲ್ಲವನು ಅವನು. ಬೇರೆ ಯಾರು ಹೇಳಿದರೂ ಅದು ಬರಿಯ ಕನಿಕರದ ಮಾತಾಗುತ್ತದೆ. ಹೇಳಿದ ಮೇಲೂ ಮೇಲಿನವರು ಕೇಳದಿದ್ದರೆ? ಆಗ ಒಂದು ಮಿತಿಯಲ್ಲಿ ಹುದ್ದೆಯನ್ನೇ ಬಿಡಬೇಕಾಗಬಹುದು. ಗೃಹಸಾಲದ ಕಂತು, ಮಕ್ಕಳ ಶಾಲಾ ಶುಲ್ಕ ಕಟ್ಟುತ್ತಿರುವವನಿಗೆ ಇದು ಸುಲಭದ ಮಾತಲ್ಲ. ಪೀಠದ ಮೇಲೆ ನಿಂತು ಇದನ್ನು ಹೇಳುವುದು ಸುಲಭ, ಅಷ್ಟೆ.

ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ಮಾನವನ ದುಡಿಮೆಯನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ‘ಪರೋಕ್ಷ ಉದ್ಯೋಗದಾತ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಕೆಲಸಗಾರನೊಡನೆ ನೇರವಾಗಿ ಒಪ್ಪಂದ ಮಾಡಿಕೊಳ್ಳದಿದ್ದರೂ ಅವನ ದುಡಿಮೆಯ ಷರತ್ತುಗಳನ್ನು ದೂರದಿಂದ ರೂಪಿಸುವ ವ್ಯಕ್ತಿಗಳೂ ಸಂಸ್ಥೆಗಳೂ ಸರಕಾರವೂ ಆ ಹೊಣೆಯಲ್ಲಿ ಪಾಲುದಾರರು ಎಂಬುದು ಅದರ ಸಾರ. ಹತ್ತು ವರ್ಷಗಳ ನಂತರ, 1991ರಲ್ಲಿ, ಅವರೇ ಮತ್ತೊಂದು ವಿಶ್ವಪತ್ರದಲ್ಲಿ ಲಾಭಕ್ಕೆ ಅದರದೇ ಆದ ಸ್ಥಾನವನ್ನು ಕೊಟ್ಟು, ಲೆಕ್ಕಪತ್ರಗಳೆಲ್ಲ ಸರಿಯಾಗಿದ್ದೂ ಸಂಸ್ಥೆಯ ಜನರು ಅವಮಾನಿತರಾಗಿರುವುದು ಸಾಧ್ಯವೆಂದು ಎಚ್ಚರಿಸಿದರು. ಗುತ್ತಿಗೆದಾರನ ಬೆನ್ನ ಹಿಂದೆ ನಿಂತು ‘ಅವರು ನಮ್ಮ ನೌಕರರಲ್ಲ’ ಎನ್ನುವ ಅಧಿಕಾರಿಗೆ ಈ ಬೋಧನೆಯಲ್ಲಿ ಅಡಗಲು ಸ್ಥಳವಿಲ್ಲ. ಇಂದು ಕೊಂಡದ್ದು ನಾಳೆ ಬೆಳಿಗ್ಗೆಯೇ ಬಾಗಿಲಿಗೆ ಬರಬೇಕೆಂದು ಕೈಯಲ್ಲಿ ಫೋನು ಹಿಡಿದು ಅವಸರಪಡುವ ನಮಗೂ ಇದೆಯೆಂದು ಹೇಳಲಾರೆ.

ಕಂಪನಿಗಳ ಮಾತು ಆಡಿದ್ದಾಯಿತು. ನಮ್ಮ ಮನೆಯತ್ತಲೂ ಒಮ್ಮೆ ತಿರುಗಿ ನೋಡೋಣ. ನಮ್ಮ ಧರ್ಮಪ್ರಾಂತ್ಯಗಳು ಶಾಲೆ, ಕಾಲೇಜು, ಆಸ್ಪತ್ರೆ, ವಿದ್ಯಾರ್ಥಿ ನಿಲಯಗಳನ್ನು ನಡೆಸುತ್ತವೆ. ಅಲ್ಲಿಯೂ ಆಡಳಿತಾಧಿಕಾರಿಗಳಿದ್ದಾರೆ, ಗುತ್ತಿಗೆಯಿದೆ, ದಿನಗೂಲಿಯಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆ, ಧರ್ಮಸಭೆಯ ಸ್ವತ್ತನ್ನು ನಿರ್ವಹಿಸುವವರು ಒಳ್ಳೆಯ ಮನೆಯೊಡೆಯನ ಎಚ್ಚರದಿಂದ ಕೆಲಸ ಮಾಡಬೇಕೆಂದು 1284ನೆಯ ವಿಧಿಯಲ್ಲಿ ಹೇಳುತ್ತದೆ. ಎರಡೇ ವಿಧಿಗಳ ನಂತರ, 1286ರಲ್ಲಿ, ದುಡಿಮೆಯ ಬಗೆಗಿನ ನಾಗರಿಕ ಕಾನೂನುಗಳನ್ನು ಪಾಲಿಸಬೇಕು, ಕೆಲಸಗಾರರಿಗೆ ಅವರ ಮತ್ತು ಅವರ ಕುಟುಂಬದ ಅಗತ್ಯಗಳಿಗೆ ಸಾಲುವಂಥ ನ್ಯಾಯವಾದ ವೇತನ ಕೊಡಬೇಕು ಎಂದು ಸ್ಪಷ್ಟವಾಗಿ ವಿಧಿಸುತ್ತದೆ. ಇದು ಆಧ್ಯಾತ್ಮಿಕ ಸಲಹೆಯಲ್ಲ, ಕಾನೂನು.

ನಿಮ್ಮಲ್ಲಿ ಹಲವರು ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿಯೋ ಹಣಕಾಸು ಸಮಿತಿಯಲ್ಲಿಯೋ ಇರಬಹುದು. ವರ್ಷದ ಕೊನೆಗೆ ಲೆಕ್ಕ ಓದುವಾಗ ದೇವಾಲಯದ ಉಪದೇಶಿಗೆ, ಶಾಲೆಯ ಆಯಾಗೆ, ಕಾವಲುಗಾರನಿಗೆ, ಗಿಡಗಳಿಗೆ ನೀರು ಹಾಕುವ ಅಮ್ಮನಿಗೆ ಕೊಟ್ಟದ್ದು ಎಷ್ಟು ಎಂಬ ಮೊತ್ತವನ್ನು ಓದುತ್ತಾರೆ. ಮೊತ್ತ ಸರಿಯಿದ್ದರೆ ಕೈಯೆತ್ತಿ ಅನುಮೋದಿಸುತ್ತೇವೆ. ಮುಂದಿನ ಬಾರಿ ರಸೀದಿ ಪುಸ್ತಕವನ್ನು ತರಿಸಿ, ಪ್ರತಿ ತಿಂಗಳೂ ಆ ಹಣ ಅವರ ಕೈಗೆ ಸೇರಿದ್ದು ಯಾವ ತಾರೀಖಿನಂದು ಎಂದು ನೋಡಿರಿ. ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳ ಹಾಳೆಗಳನ್ನು ಮರೆಯದೆ ತಿರುವಿರಿ.